ಹದಿನಾರಾಣೆ ಸತ್ಯ



'ಅವನು ಹೇಳಿದ್ದು ಹದಿನಾರಾಣೆ ಸತ್ಯ' ಎಂಬ ಮಾತನ್ನು ಹಿರಿಯರ ಬಾಯಲ್ಲಿ ನೀವು ಕೇಳಿರುತ್ತೀರಿ. ಒಮ್ಮೆ ಚಿತ್ರೀಕರಣದ ಬಿಡುವಿನಲ್ಲಿ ಒಬ್ಬ ಹುಡುಗ ನನ್ನನ್ನು ಕೇಳಿದ: "ಹಾಗಾದ್ರೆ ಹದಿನೆಂಟಾಣೆ ಅಂದ್ರೆ ಇನ್ನೂ ಜಾಸ್ತಿ ಸತ್ಯವಾ ಸಾರ್?" ಎಲ್ಲರೂ ನಕ್ಕರು. ಆದರೆ ಅವನ ತಪ್ಪೇನೂ ಇಲ್ಲ. ಆಣೆಯ ಲೆಕ್ಕದಲ್ಲಿ ವ್ಯಾಪಾರ ನಡೆದದ್ದನ್ನು ನಾನೂ ಕಂಡವನಲ್ಲ.

1957ರ ಏಪ್ರಿಲ್ 1ಕ್ಕೆ ಮೊದಲು ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 4 ಪೈಸೆ ಅಥವಾ 12 ಪೈ. ಆದ್ದರಿಂದ ಹದಿನಾರಾಣೆ ಎಂದರೆ ಇಡೀ ರೂಪಾಯಿ, ಒಂದಿಷ್ಟೂ ಕೊರತೆಯಿಲ್ಲದ್ದು. ಇಂದು ನಾವು 'ನೂರಕ್ಕೆ ನೂರು' ಎನ್ನುವುದೂ ಇದನ್ನೇ.

ಹದಿನಾರೇ ಏಕೆ? ಅರ್ಧ ಮಾಡುತ್ತಾ ಹೋಗಿ ನೋಡಿ: ಎಂಟು, ನಾಲ್ಕು, ಎರಡು, ಒಂದು. ಎಲ್ಲಿಯೂ ಭಿನ್ನರಾಶಿ ಬರುವುದಿಲ್ಲ. ಓದು ಬರಹ ಬಾರದವರಿಗೂ ಬಾಯಿಲೆಕ್ಕ ಸುಲಭ. ರೂಪಾಯಿಗೆ 192 ಪೈ ಇದ್ದುದರಿಂದ ಮೂವರಿಗೆ ಹಂಚಿದರೂ ತಲಾ 64 ಪೈ ಸರಿಯಾಗಿ ಬರುತ್ತಿತ್ತು. ನೂರು ಪೈಸೆಯನ್ನು ಮೂವರಿಗೆ ಹಂಚಿ ನೋಡಿ, ಒಂದು ಪೈಸೆ ಉಳಿದೇ ಉಳಿಯುತ್ತದೆ!

ದಶಮಾನ ಪದ್ಧತಿ ಬಂದಾಗ ತೊಡಕಾದದ್ದೂ ಇಲ್ಲಿಯೇ. ಒಂದು ಆಣೆ 6.25 ಹೊಸ ಪೈಸೆಗೆ ಸಮ. ಕಾಲು ಪೈಸೆಯ ನಾಣ್ಯವಿಲ್ಲ. ಹಾಗಾಗಿ ಆಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಪಟ್ಟಿ ಮಾಡಲಾಯಿತು. ಒಂದಾಣೆಯನ್ನು ನಾಲ್ಕು ಸಲ ಬೇರೆಬೇರೆಯಾಗಿ ಬದಲಾಯಿಸಿದವರಿಗೆ 24 ಪೈಸೆ, ಒಟ್ಟಿಗೆ ಬದಲಾಯಿಸಿದವರಿಗೆ 25! ಕೂಲಿಯ ಚಿಲ್ಲರೆಯಲ್ಲಿ ಸಂಸಾರ ತೂಗಿಸುವವರಿಗೆ ಆ ಒಂದು ಪೈಸೆ ಸಣ್ಣದಲ್ಲ.

ಆಣೆ ಹಣಕ್ಕಷ್ಟೇ ಸೀಮಿತವಾಗಿರಲಿಲ್ಲ. ಬೆಳೆಯನ್ನೂ ಆಣೆಯಲ್ಲಿ ಅಳೆಯುತ್ತಿದ್ದರು, ಅದೇ 'ಆಣೆವಾರಿ'. ಪೂರ್ಣ ಫಸಲು ಹದಿನಾರಾಣೆ, ಅರ್ಧ ಕೈಗೆ ಬಂದರೆ ಎಂಟಾಣೆ. ಅಧಿಕಾರಿಗಳು ಬರೆದುಕೊಂಡ ಆಣೆ ಎಷ್ಟು ಎಂಬುದರ ಮೇಲೆ ರೈತನಿಗೆ ಕಂದಾಯದಲ್ಲಿ ರಿಯಾಯಿತಿ ಸಿಗುವುದೋ ಇಲ್ಲವೋ ನಿಂತಿತ್ತು. ಹೊಲದಲ್ಲಿ ನಾಲ್ಕಾಣೆ ಬೆಳೆ, ಕಾಗದದಲ್ಲಿ ಎಂಟಾಣೆ ಎಂದಾದರೆ ಅವನ ಪಾಡನ್ನು ನೀವೇ ಊಹಿಸಿ.

ಆಣೆ ಹೋದರೂ ಹೆಸರು ಹೋಗಲಿಲ್ಲ. ನಾನು ಚಿಕ್ಕವನಿದ್ದಾಗ 25 ಪೈಸೆಯನ್ನು ನಾವು 'ನಾಲ್ಕಾಣೆ' ಎಂದೇ ಕರೆಯುತ್ತಿದ್ದೆವು. 2011ರ ಜೂನ್ 30ರಿಂದ ಆ ನಾಣ್ಯವೂ ಚಲಾವಣೆಯಲ್ಲಿಲ್ಲ. ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಅಲೆಅಲೆಯಾದ ಅಂಚಿನ ಹಳೆಯ ಆಣೆಯೊಂದು ಸಿಕ್ಕರೆ, ಅದಕ್ಕೆ ಆಗ ಏನೇನು ಬರುತ್ತಿತ್ತೆಂದು ಅವರನ್ನೇ ಕೇಳಿ.