ಬಸುರಿಯೂ ಸೂಜಿಗಲ್ಲೂ

ಸೂಜಿಗಲ್ಲಿಗೆ ಸಂಸ್ಕೃತದಲ್ಲಿ ಅಯಸ್ಕಾಂತವೆಂದು ಹೆಸರು. ಅಯಸ್ ಎಂದರೆ ಕಬ್ಬಿಣ. ಅದಕ್ಕೆ ಪ್ರಿಯವಾದುದು ಕಾಂತ. ಕನ್ನಡ ಪಂಡಿತನಾದ ನನಗೆ ಇಷ್ಟು ವ್ಯುತ್ಪತ್ತಿಯೇ ಸಾಕಾಗಿತ್ತು. ಹೊನ್ನಾಳಿಯಲ್ಲಿ ನೆರೆಮನೆಯ ಬಸುರಿಯೊಬ್ಬಳ ದೆಸೆಯಿಂದ ಅದರ ಗುಣವನ್ನೂ ವಿಚಾರಿಸಬೇಕಾಗಿ ಬಂತು.

ಆಕೆಗೆ ಐದು ತಿಂಗಳು. ತಡೆಯಲಾರದ ತಲೆನೋವು, ಕಣ್ಣು ಮಂಜು. ದಾವಣಗೆರೆಯ ವೈದ್ಯರು ಎಂ.ಆರ್.ಐ. ಮಾಡಿಸಬೇಕೆಂದರು. "ಸೂಜಿಗಲ್ಲಿನ ಗುಹೆಯೊಳಕ್ಕೆ ಬಸುರಿಯನ್ನು ತಳ್ಳುವುದುಂಟೆ? ಗರ್ಭಕೋಶ ಸಡಿಲವಾದೀತು" ಎಂದು ಅತ್ತೆ ಅಡ್ಡಬಂದರು. ಹೀಗೆಯೇ ಎರಡು ದಿನ ಕಳೆಯಿತು. ಆಮೇಲೆ ಗಂಡ ನನ್ನಲ್ಲಿಗೆ ಬಂದು, "ಮೇಷ್ಟ್ರೇ, ಅಮ್ಮನಿಗೆ ನೀವಾದರೂ ಹೇಳಿ" ಎಂದ.

ನ್ಯಾಮತಿಯಾಗಲಿ ಜಗಳೂರಾಗಲಿ, ನಮ್ಮ ಕಡೆ ಎಲ್ಲವೂ 'ಸ್ಕ್ಯಾನಿಂಗ್' ಎಂಬ ಒಂದೇ ಹೆಸರಿನಲ್ಲಿ ಅಡಗಿದೆ. ತಿಂಗಳು ತುಂಬುವವರೆಗೆ ಬಸುರಿಯರಿಗೆ ಮಾಡುವುದು ಶಬ್ದದ ಅಲೆಗಳ ಪರೀಕ್ಷೆ. ಸಿ.ಟಿ. ಎಂಬುದರಲ್ಲಿ ಎಕ್ಸ್‌ರೇ ಕಿರಣಗಳಿವೆ. ಬಸುರಿಯರ ವಿಷಯದಲ್ಲಿ ವೈದ್ಯರು ಹಿಂದುಮುಂದು ನೋಡುವುದು ಇದಕ್ಕೆ. ಎಂ.ಆರ್.ಐ.ಯಲ್ಲಿ ಎಕ್ಸ್‌ರೇ ಇಲ್ಲ. ಅಲ್ಲಿರುವುದು ಸೂಜಿಗಲ್ಲಿನ ಬಲ ಮತ್ತು ರೇಡಿಯೋ ಅಲೆ. ಈ ಮಾತನ್ನು ನಿಮ್ಮ ಮನೆಗೆ ಹೊತ್ತು ತರುವ ಅಲೆಗಳ ಜಾತಿಯದೇ. ಅವು ಮೈಯನ್ನು ತುಸು ಬೆಚ್ಚಗೆ ಮಾಡಬಲ್ಲವು. ಆದ್ದರಿಂದ ಅವಕ್ಕೆ ಮಿತಿಯಿಟ್ಟಿದ್ದಾರೆ.

ಬಲವೇನೋ ಸಾಮಾನ್ಯವಲ್ಲ. ನಮ್ಮ ಸೀಮೆಯಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. 1.5 ಟೆಸ್ಲಾದ ಯಂತ್ರದಲ್ಲಿ ಅದರ 37 ಸಾವಿರ ಮಡಿಗೂ ಹೆಚ್ಚು. ಹಾಗಾದರೆ ರಕ್ತದ ಕಬ್ಬಿಣವನ್ನು ಅದು ಸೆಳೆಯದೆ ಎಂದು ಅತ್ತೆ ಕೇಳಿದರು. ಒಳ್ಳೆಯ ಪ್ರಶ್ನೆಯೆಂದು ಒಪ್ಪಿದೆ. ಅದು ಸೂಜಿಯ ಕಬ್ಬಿಣದಂತಲ್ಲ. ಹಿಮೋಗ್ಲೋಬಿನ್ನಿನಲ್ಲಿ ಒಂದೊಂದೇ ಪರಮಾಣುವಾಗಿ ಸೆರೆಯಾಗಿದೆ. ಯಂತ್ರ ಅದನ್ನು ಎಳೆಯಲಾರದು, ಗರ್ಭಕೋಶವನ್ನೂ ಕದಲಿಸದು. ಕೆನಡದ ಒಂಟೇರಿಯೊ ಪ್ರಾಂತದಲ್ಲಿ ಮೊದಲ ಮೂರು ತಿಂಗಳಲ್ಲೇ ಎಂ.ಆರ್.ಐ. ಆದ 1,737 ಬಸಿರುಗಳನ್ನು ಉಳಿದವುಗಳೊಡನೆ ಹೋಲಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಮಕ್ಕಳಿಗೆ ಹೆಚ್ಚಿನ ಕೇಡು ಕಾಣಲಿಲ್ಲ. ಆದರೆ ಚಿತ್ರ ಸ್ಪಷ್ಟವಾಗಲೆಂದು ಕೊಡುವ ಗ್ಯಾಡೊಲಿನಿಯಂ ಚುಚ್ಚುಮದ್ದಿನ ಮಾತು ಬೇರೆ. ಅದನ್ನು ಪಡೆದವರಲ್ಲಿ ಮಗು ಸತ್ತು ಹುಟ್ಟುವುದು, ಹುಟ್ಟಿದ ಮೇಲೆ ಸಾಯುವುದು ಹೆಚ್ಚಾಗಿ ಕಂಡಿತು. ಬಸುರಿಯೆಂಬುದನ್ನು ಮೊದಲೇ ಹೇಳಿಬಿಡಬೇಕು.

ಚನ್ನಗಿರಿಯ ತೋಟದ ನೆಂಟರೊಬ್ಬರು ಹೈಟೆನ್ಷನ್ ತಂತಿಯ ಮಾತೆತ್ತಿದರು. ಅದು ಇಷ್ಟು ಇತ್ಯರ್ಥವಾದ ವಿಷಯವಲ್ಲ. ಕ್ಯಾಲಿಫೋರ್ನಿಯದಲ್ಲಿ 913 ಬಸುರಿಯರನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ವಿದ್ಯುತ್ತಿನ ಕಾಂತಕ್ಷೇತ್ರ ಹೆಚ್ಚು ತಾಗಿದವರಲ್ಲಿ ಗರ್ಭಪಾತ ಹೆಚ್ಚೆಂದಿತು. ಅದೇ ಕಾರಣವೆಂದು ಸಿದ್ಧವಾಗಿಲ್ಲ, ವಿವಾದವುಂಟು. ದೂರ ಸರಿದಷ್ಟೂ ಆ ಕ್ಷೇತ್ರ ಬೇಗ ತಗ್ಗುತ್ತದೆ. ಗ್ರೈಂಡರಿನ ಮೋಟಾರಿಗೆ ಹೊಟ್ಟೆಯಾನಿಸಿ ನಿಲ್ಲದಿದ್ದರೆ ಆಯಿತು. ಹಿಟ್ಟು ರುಬ್ಬುವುದನ್ನು ಬಿಡಬೇಕಾಗಿಲ್ಲ.

ಅತ್ತೆಯ ಮನಸ್ಸಿನಲ್ಲಿದ್ದ ಇನ್ನೊಂದು ತೊಡಕು ಕೊನೆಗೆ ಹೊರಬಿತ್ತು: ಒಳಗೆ ಹೋಗುವಾಗ ತಾಳಿ ತೆಗೆಯಬೇಕಲ್ಲ! ಪಿನ್ನು, ಬಳೆ, ಸರ, ಲೋಹವೆಂಬುದೆಲ್ಲ ಹೊರಗಿರಬೇಕು ನಿಜ. ನಮ್ಮಾಕೆ ಅರಿಶಿನ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಟ್ಟಳು. ನನ್ನ ಭೌತಶಾಸ್ತ್ರಕ್ಕಿಂತ ಅದೇ ಬೇಗ ಕೆಲಸ ಮಾಡಿತು.

ಮೂರನೆಯ ದಿನ ಪರೀಕ್ಷೆಯಾಯಿತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು. ಅಂದೇ ಚಿಕಿತ್ಸೆ ಮೊದಲಾಯಿತು. ಅರಿಶಿನದ ದಾರದಲ್ಲೇ ಆಸ್ಪತ್ರೆಯಲ್ಲಿದ್ದವಳಿಗೆ, ಮನೆಗೆ ಬಂದ ದಿನ ಅತ್ತೆಯೇ ತಾಳಿ ಕೊಟ್ಟು ಹಾಕಿಕೊಳ್ಳೆಂದರು. ದಿನ ತುಂಬಿ ಹೆಣ್ಣುಮಗುವಾಯಿತು.