ಮನೆ ಹಿಂದಿನ ಹಳ್ಳದಲ್ಲಿ ಒಂದು ಕಿಲೋವ್ಯಾಟ್



ಜುಲೈ ತಿಂಗಳಲ್ಲಿ ಊರಿಗೆ ಫೋನು ಮಾಡುವ ಮಲೆನಾಡಿನವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಆ ಕಡೆಯಿಂದ ಬರುವ ಮೊದಲ ಸುದ್ದಿ ಮಳೆಯದು, ಎರಡನೆಯದು ಕರೆಂಟಿನದು. ತಂತಿಯ ಮೇಲೆ ಮರ ಬಿದ್ದಿದೆ, ನಾಲ್ಕು ದಿನದಿಂದ ಕತ್ತಲೆ. ನಮ್ಮಲ್ಲಿ ಒಂದು ತೋಟಕ್ಕೆ ಒಂದೇ ಮನೆ. ಕಾಡು ದಾಟಿ ಅಲ್ಲಿಗೆ ಕಂಬ ನೆಡುವುದೂ ಕಷ್ಟ, ಬಿದ್ದದ್ದನ್ನು ಎತ್ತುವುದೂ ಕಷ್ಟ. ಆದರೆ ಅದೇ ಹೊತ್ತಿಗೆ ಮನೆ ಹಿಂದಿನ ಹಳ್ಳ ಭೋರ್ಗರೆಯುತ್ತಿರುತ್ತದೆ!

ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿ ತಲುಪಿತು. ಅಂಥ ದೊಡ್ಡ ಮಾತು ಇವತ್ತು ಬೇಡ. ಒಂದು ಮನೆಗೆ ಸಾಕಾಗುವ ಒಂದು ಕಿಲೋವ್ಯಾಟಿನ ಮಾತಾಡೋಣ.

ಲೆಕ್ಕ ಸರಳ. ನೀರು ಬೀಳುವ ಎತ್ತರ ಎಷ್ಟು ಮೀಟರು, ಸೆಕೆಂಡಿಗೆ ಎಷ್ಟು ಲೀಟರು, ಇವೆರಡನ್ನೂ ಗುಣಿಸಿ ಮತ್ತೆ ಹತ್ತರಿಂದ ಗುಣಿಸಿ. 20 ಮೀಟರು, 10 ಲೀಟರು ಎಂದರೆ 2000 ವ್ಯಾಟ್. ಪೈಪು, ಚಕ್ರ, ಜನರೇಟರು ಸೇರಿ ಅರ್ಧ ತಿಂದರೂ ಒಂದು ಕಿಲೋವ್ಯಾಟ್ ಕೈಗೆ ಸಿಗುತ್ತದೆ. ಎತ್ತರ ಅಳೆಯಲು ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಪೈಪು ಸಾಕು. ನೀರು ಅಳೆಯಲು ಒಂದು ಡ್ರಮ್ಮು, ಒಂದು ಗಡಿಯಾರ. ಪೈಪಿನಲ್ಲಿ ಮಾತ್ರ ಜಿಪುಣತನ ಬೇಡ. ಅಷ್ಟೇ ನೀರನ್ನು ಅರ್ಧ ಅಗಲದ ಪೈಪಿನಲ್ಲಿ ಹರಿಸಿದರೆ ಘರ್ಷಣೆಯ ನಷ್ಟ ಸುಮಾರು 32 ಪಟ್ಟಾಗುತ್ತದೆ.

ಇನ್ನು ಚಕ್ರ. 40 ಮೀಟರಿನಿಂದ 5 ಲೀಟರು ಬಿದ್ದರೂ ಶಕ್ತಿ ಅಷ್ಟೇ. ಆದರೆ ಚಕ್ರ ಬೇರೆ. ನೀರು ಕಡಿಮೆ, ಎತ್ತರ ಹೆಚ್ಚು ಇದ್ದಲ್ಲಿ ಪೆಲ್ಟನ್ ಚಕ್ರ ಚೆನ್ನ. ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳ ನಡುವೆ ಹುಟ್ಟಿದ ಅದಕ್ಕೆ 1880ರಲ್ಲಿ ಪೇಟೆಂಟ್ ಸಿಕ್ಕಿತು. 20 ಮೀಟರಿನಿಂದ ಬೀಳುವ ನೀರು ಸೆಕೆಂಡಿಗೆ ಸುಮಾರು 20 ಮೀಟರು ವೇಗದಲ್ಲಿ ಚಿಮ್ಮುತ್ತದೆ. ಬಟ್ಟಲುಗಳು ಅದರ ಅರ್ಧಕ್ಕಿಂತ ತುಸು ಕಡಿಮೆ ವೇಗದಲ್ಲಿ ಓಡಿದರೆ ಹೆಚ್ಚು ಶಕ್ತಿ. ನಿಮಿಷಕ್ಕೆ 1500 ಸುತ್ತು ಬೇಕೆಂದರೆ ಚಕ್ರದ ಅಗಲ ಸುಮಾರು 12 ಸೆಂಟಿಮೀಟರು ಮಾತ್ರ! ಅಷ್ಟು ಪುಟ್ಟ ಪೆಲ್ಟನ್ ಚಕ್ರಕ್ಕೆ 10 ಲೀಟರಿನ ದಪ್ಪ ಧಾರೆ ಬಿಟ್ಟರೆ ಬಟ್ಟಲು ಹಿಡಿಸದೆ ಚೆಲ್ಲುತ್ತದೆ. ಅಲ್ಲಿಗೆ 1919ರಲ್ಲಿ ಎರಿಕ್ ಕ್ರ್ಯೂಡ್ಸನ್ ರೂಪಿಸಿದ ಟರ್ಗೋ ಚಕ್ರ ವಾಸಿ. ಧಾರೆ ಓರೆಯಾಗಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರುವುದರಿಂದ ದಪ್ಪ ಧಾರೆಯನ್ನೂ ಅದು ತಾಳಿಕೊಳ್ಳುತ್ತದೆ.

ಇಷ್ಟೆಲ್ಲ ತಿಳಿದೂ ನಾನು ಮೊದಲ ಸಲ ಎಡವಿದೆ. ಚಿಕ್ಕಮ್ಮನ ಮನೆಗೆ ಯಂತ್ರ ಕೂರಿಸಲು ಹಳ್ಳ ಅಳೆದದ್ದು ಚೌತಿ ರಜೆಯಲ್ಲಿ. 10 ಲೀಟರು ಸಿಕ್ಕಿತು, ಹಿಗ್ಗಿದೆ. ಶಿವರಾತ್ರಿ ಹೊತ್ತಿಗೆ 4 ಲೀಟರು. ಪೈಪು ತುಂಬದೆ ಗಾಳಿ ಎಳೆಯಿತು, ಒತ್ತಡ ಇಳಿಯಿತು, ಚಕ್ರ ನಿಂತಿತು. "ಹಳ್ಳ ಏನು ನಿನ್ನ ರಜೆ ನೋಡಿ ಹರೀತದಾ ಮಾರಾಯ? ನನ್ನ ಹತ್ರ ಒಂದು ಮಾತು ಕೇಳಬಾರದಿತ್ತಾ?" ಎಂದರು ಚಿಕ್ಕಮ್ಮ. ಮೂವತ್ತು ವರ್ಷ ಆ ಹಳ್ಳದ ನೀರು ಹೊತ್ತವರು ಅವರು. ಕೇಳಬೇಕೆಂದು ನನಗೆ ತೋಚಿರಲೇ ಇಲ್ಲ.

ಎರಡನೆಯ ಸಲ ಅವರನ್ನು ಕೇಳಿಯೇ ಮಾಡಿದೆ. ಈಗ ಎರಡು ನಳಿಕೆಗಳಿವೆ. ಒಂದು 7 ಲೀಟರಿನದು, ಇನ್ನೊಂದು 3 ಲೀಟರಿನದು. ಮಳೆಗಾಲದಲ್ಲಿ ಎರಡೂ ತೆರೆದಿರುತ್ತವೆ. ನೀರಿಳಿದ ಮೇಲೆ ಚಿಕ್ಕದು ಮಾತ್ರ. ಧಾರೆ ಸಣ್ಣದಾದರೂ ಅದರ ವೇಗ ಕುಗ್ಗುವುದಿಲ್ಲ. 300 ವ್ಯಾಟಿಗೆ ತುಸು ಕಡಿಮೆ ಸಿಕ್ಕರೂ ಎಲ್‌ಇಡಿ ದೀಪ, ಟೀವಿ, ಫೋನಿಗೆ ಧಾರಾಳ. ಬೇಸಗೆಯಲ್ಲಿ ಹಳ್ಳ ಇನ್ನೂ ಸೊರಗಿದರೆ ಯಂತ್ರಕ್ಕೆ ವಿಶ್ರಾಂತಿ. ಆಗ ಸೋಲಾರ್ ದುಡಿಯಲಿ. ಮೋಡ ಕವಿದು ಸೋಲಾರ್ ಮಲಗಿದಾಗ ಹಳ್ಳ ದುಡಿಯುತ್ತದೆ.

ಇನ್ನು ಮೂರು ಎಚ್ಚರಿಕೆ. ದೀಪಗಳನ್ನೆಲ್ಲ ಆರಿಸಿದರೆ ಚಕ್ರಕ್ಕೆ ಹೊರೆ ತಪ್ಪಿ ವೋಲ್ಟೇಜು ಏರುತ್ತದೆ. ಮಿಕ್ಕ ವಿದ್ಯುತ್ತನ್ನು ಬಚ್ಚಲಿನ ನೀರು ಕಾಯಿಸಲು ತಿರುಗಿಸುವ ನಿಯಂತ್ರಕ ಬೇಕೇ ಬೇಕು. ಸೌದೆಯೂ ಉಳಿಯುತ್ತದೆ. ಎರಡನೆಯದಾಗಿ, ಮನೆಗೆ ಇಲಾಖೆಯ ಲೈನೂ ಇದ್ದರೆ, ಎರಡೂ ಒಂದಾಗದಂತೆ ಚೇಂಜ್ ಓವರ್ ಸ್ವಿಚ್ ಹಾಕಿಸಿ. ನಿಮ್ಮ ಕರೆಂಟು ಹಿಂದಕ್ಕೆ ಹರಿದರೆ ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೆ ಕುತ್ತು. ಮೂರನೆಯದಾಗಿ, ಬಳಸಿದ ನೀರು ಹಳ್ಳಕ್ಕೇ ಮರಳುತ್ತದೆ ನಿಜ. ಆದರೆ ಪೈಪು ಹಾಯುವಷ್ಟು ದೂರ ಹಳ್ಳ ಬಡವಾಗುತ್ತದೆ. ನಡುವೆ ಯಾರದ್ದಾದರೂ ತೋಟವಿದ್ದರೆ ಮೊದಲು ಅವರ ಜಗಲಿಯಲ್ಲಿ ಕೂತು ಮಾತಾಡಿ. ಹಳ್ಳವನ್ನು ಪೂರ್ತಿ ಎಂದೂ ತಿರುಗಿಸಬೇಡಿ.

ಯಂತ್ರ ಕೂರಿಸಿ ನಾವು ರೈಲು ಹತ್ತುತ್ತೇವೆ. ಮರುದಿನ ಜಾಲರಿಗೆ ಸಿಕ್ಕಿದ ಎಲೆ ತೆಗೆಯುವವರು ಊರಿನಲ್ಲಿರುವವರು. ಬೇರಿಂಗಿಗೆ ಗ್ರೀಸು, ನಳಿಕೆ ಬಿಚ್ಚುವ ಸ್ಪ್ಯಾನರು, ಎರಡೂ ಅವರ ಕೈಗೆ ನಿಲುಕಬೇಕು. ಈ ಸಲ ಊರಿಗೆ ಹೋದಾಗ ಡ್ರಮ್ಮು, ಗಡಿಯಾರ ಹಿಡಿಯುವ ಮೊದಲು ಅಡುಗೆಮನೆಗೆ ಹೋಗಿ ಕೇಳಿ: ಶಿವರಾತ್ರಿಗೆ ಹಳ್ಳ ಎಷ್ಟಿರುತ್ತದೆ?