ತವಕ್ಕುಲ್ ಮತ್ತು ಎರಡನೇ ವೈದ್ಯರು

ಸಹೋದರರೇ, ನಮ್ಮ ಜಮಾಅತ್‌ನ ಯುವಕನೊಬ್ಬನ ಮೆದುಳಿನಲ್ಲಿ ರಕ್ತನಾಳಗಳು ಹುಟ್ಟಿನಿಂದಲೇ ಗಂಟುಕಟ್ಟಿವೆ. ವೈದ್ಯರು ಎವಿಎಂ ಎನ್ನುತ್ತಾರೆ. ಈವರೆಗೆ ಒಡೆದಿಲ್ಲ. ಕೂಡಲೇ ಆಪರೇಷನ್ ಆಗಬೇಕೆಂದರು ಒಬ್ಬ ವೈದ್ಯರು. "ಇನ್ನೊಬ್ಬರನ್ನು ಕೇಳಿದರೆ ತವಕ್ಕುಲ್ ಕಡಿಮೆಯಾದಂತೆಯೇ ಉಸ್ತಾದ್?" ಎಂದರು ತಾಯಿ. ಇಲ್ಲ. ವಹೀ ಬರುತ್ತಿದ್ದ ಪ್ರವಾದಿ(ಸ)ರೇ ಉಹುದ್‌ಗೆ ಮುನ್ನ ಸಹಾಬಿಗಳ ಅಭಿಪ್ರಾಯ ಕೇಳಿದ್ದರು.

ಒಡೆಯದ ಎವಿಎಂ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯವಿದೆ. 2014ರಲ್ಲಿ ಪ್ರಕಟವಾದ ಅರೂಬಾ ಅಧ್ಯಯನದಲ್ಲಿ, ಬರೀ ಔಷಧಿಯಲ್ಲಿದ್ದವರಿಗಿಂತ ಆಪರೇಷನ್, ವಿಕಿರಣ ಮುಂತಾದವು ಆದವರಲ್ಲೇ ಪಾರ್ಶ್ವವಾಯು, ಸಾವು ಹೆಚ್ಚು ಕಂಡವು. ಆದರೆ ಅವರನ್ನು ಗಮನಿಸಿದ್ದು ಸರಾಸರಿ 33 ತಿಂಗಳು; ಹುಡುಗನಿಗೆ ಅಪಾಯ ಜೀವನವಿಡೀ. ಗಂಟಿನ ಗಾತ್ರ, ಜಾಗ ನೋಡಿಯೇ ಹೇಳಬೇಕು.

ಸ್ಕ್ಯಾನ್‌ಗಳೊಂದಿಗೆ ನಿಮ್ಹಾನ್ಸ್‌ನಂತಹ ಕಡೆ ತೋರಿಸುವುದು ಮೊದಲ ವೈದ್ಯರಿಗೆ ಅವಮಾನವಲ್ಲ. ಹಠಾತ್ ತೀವ್ರ ತಲೆನೋವು, ಫಿಟ್ಸ್ ಬಂದರೆ ಮಾತ್ರ ಮಶ್ವರಕ್ಕೆ ಕೂರದೆ ಹತ್ತಿರದ ಆಸ್ಪತ್ರೆಗೆ ಓಡಿ. ಪ್ರಯಾಣದ ಖರ್ಚು ಬೈತುಲ್ ಮಾಲ್‌ನಿಂದ ಕೊಡೋಣ.